ನಮ್ಮನೆ ನೆಟ್ಟಿನ ಧಾರಣೆ

ಏರುವ ಇಳಿಯುವ ಅಂಕಿಯೊಂದನ್ನು ತೋರಿಸಿಬಿಟ್ಟರೆ ಸಾಕು, ಅರ್ಥ ತಿಳಿಯದಿದ್ದರೂ ನಾನು ದಿನವಿಡೀ ನೋಡುತ್ತ ಕೂರಬಲ್ಲೆ. ಇದು ನನ್ನೊಬ್ಬನ ಚಟವಲ್ಲ. ನಮ್ಮ ಹೊನ್ನಾಳಿಯಲ್ಲಿ ಹಲ್ಲುಜ್ಜುವ ಮೊದಲೇ ಮೊಬೈಲಿನಲ್ಲಿ ಅಡಿಕೆ ಧಾರಣೆ ನೋಡುವವರು ಬೇಕಾದಷ್ಟು ಜನ. ಮಾರಲು ಮನೆಯಲ್ಲಿ ಒಂದು ಚೀಲವೂ ಇಲ್ಲದ ನಾನೂ ನೋಡುತ್ತೇನೆ. ಇಳಿದಿದ್ದರೆ ನಿಟ್ಟುಸಿರು ಬಿಟ್ಟು, ಸಂಜೆಗೆ ಏರಬಹುದೆಂದು ಮತ್ತೆ ನೋಡುತ್ತೇನೆ. ಇಂಥವನ ಕೈಗೆ ಇಂಟರ್‌ನೆಟ್ಟಿನ ವೇಗ ಅಳೆಯುವ ಕೆಲಸ ಬಿತ್ತು.

ಕಾರಣ, ನನ್ನ ಹೆಂಡತಿ ಶೋಭಾ ಭಾನುವಾರಗಳಂದು ಆನ್‌ಲೈನಿನಲ್ಲಿ ನಡೆಸುವ ಬ್ಲೌಸ್ ಹೊಲಿಗೆ ಕ್ಲಾಸು. ನ್ಯಾಮತಿ, ನಲ್ಲೂರು, ಜಗಳೂರಿನಿಂದೆಲ್ಲ ಹೆಣ್ಣುಮಕ್ಕಳು ಸೇರುತ್ತಾರೆ. ಬಹಳ ಆಸೆಯಿಂದ ಕಟ್ಟಿದ ಕ್ಲಾಸು ಅದು. ಹೋದ ಭಾನುವಾರ ಬ್ಲೌಸಿನ ಕೊರಳಿನ ಹತ್ತಿರ ಕತ್ತರಿ ಇಟ್ಟವಳು, ನೆಟ್ಟು ಕೈಕೊಟ್ಟು, ಪರದೆಯ ಮೇಲೆ ಬಾಯಿ ತೆರೆದುಕೊಂಡು ಹಾಗೇ ನಿಂತುಬಿಟ್ಟಳಂತೆ. ಚಿತ್ರ ಮತ್ತೆ ಅಲುಗಾಡುವಷ್ಟರಲ್ಲಿ ಕತ್ತರಿ ತೋಳಿಗೆ ಬಂದಿತ್ತು. ನಡುವಿನ ದಾರಿ ಕಾಣದ ಜಗಳೂರಿನ ಹುಡುಗಿ ಅಂದಾಜಿನ ಮೇಲೆ ಕತ್ತರಿಸಿದಳು. ತಂಗಿಯ ನಿಶ್ಚಿತಾರ್ಥದ ರೇಷ್ಮೆ ಬಟ್ಟೆ! “ಅಕ್ಕಾ, ಇನ್ನೊಂದ್ಸಲ ಹಿಂಗಾದ್ರೆ ನಾವೆಲ್ಲ ಕ್ಲಾಸು ಬಿಟ್ಬಿಡ್ತೀವ್ರಿ” ಎಂದಳಂತೆ. ಶೋಭಾ ಅಂದು ಊಟಕ್ಕೇ ಏಳಲಿಲ್ಲ.

“ನಾನು ಸರಿ ಮಾಡ್ತೀನಿ ಬಿಡು” ಎಂದುಬಿಟ್ಟೆ. ಕಂಪನಿಯವರಿಗೆ ಫೋನು ಮಾಡಿದರೆ ಮೊದಲು ಸ್ಪೀಡ್ ಟೆಸ್ಟ್ ಮಾಡಿ ನೋಡಿ ಎಂದರು. ಮಾಡಿದೆ. ಮುಳ್ಳೊಂದು ಎದ್ದು ಬಿದ್ದು ಮೂರು ಅಂಕಿ ತೋರಿಸಿತು. ಎರಡು ಹೆಚ್ಚಿದ್ದಷ್ಟೂ ಒಳ್ಳೆಯದಂತೆ, ಒಂದು ಕಡಿಮೆಯಿದ್ದಷ್ಟೂ ಒಳ್ಳೆಯದಂತೆ. ಯಾವುದಕ್ಕೆ ಹಿಗ್ಗಬೇಕು, ಯಾವುದಕ್ಕೆ ಗಾಬರಿಯಾಗಬೇಕು ತಿಳಿಯಲಿಲ್ಲ. ಅಡುಗೆಮನೆಯಲ್ಲಿ ಒಂದು ಲೆಕ್ಕ, ನಡುಮನೆಯಲ್ಲಿ ಇನ್ನೊಂದು. ಎಲ್ಲಕ್ಕಿಂತ ಹೆಚ್ಚು ಬಂದದ್ದು ಬಚ್ಚಲಿನಲ್ಲಿ. ಕ್ಲಾಸನ್ನು ಅಲ್ಲಿಗೇ ಸಾಗಿಸೋಣವೆಂದರೆ ಶೋಭಾ ನನ್ನನ್ನು ನೋಡಿದ ನೋಟಕ್ಕೆ ಬಚ್ಚಲಿನಿಂದ ಹೊರಬಂದೆ.

ಪಕ್ಕದ ಮನೆಯ ರುದ್ರಪ್ಪನವರು ಕಾಂಪೌಂಡಿನ ಆಚೆಯಿಂದ, ಅಡಿಕೆ ಧಾರಣೆ ಕೇಳುವಂತೆಯೇ ನೆಟ್ಟಿನ ವೇಗವನ್ನು, “ಇವತ್ತು ಎಷ್ಟೈತ್ರೀ?” ಎಂದು ಕೇಳಿದರು.

“ನಲವತ್ತು.”

“ಅಯ್ಯೋ, ಇಳೀತಲ್ರೀ! ಚನ್ನಗಿರಿಯಾಗೆ ಹೆಂಗೈತೆ ಕೇಳ್ರಿ.”

ಕೇಳಿದೆ. ಅಲ್ಲಿರುವ ಭಾವಮೈದ ತನ್ನ ಮನೆಯಲ್ಲಿ ಎಂಬತ್ತು ಎಂದ. ಹೊಟ್ಟೆ ಉರಿದುಹೋಯಿತು. “ಅವಸರ ಮಾಡಬ್ಯಾಡ್ರಿ, ಮಧ್ಯಾಹ್ನ ಏರ್ತೈತೆ, ಇನ್ನೊಂದ್ಸಲ ನೋಡ್ರಿ” ಎಂದು ರುದ್ರಪ್ಪನವರೇ ಸಮಾಧಾನ ಹೇಳಿದರು. ನೋಡಿದೆ. ವಾರವಿಡೀ ನೋಡಿದೆ. ನನ್ನ ಮೊಬೈಲಿನ ಮೇಲೆ ನಂಬಿಕೆ ಸಾಲದೆ, ನಮ್ಮದೇ ವೈಫೈ ಹಿಡಿದು ಅವರೂ ನೋಡಿದರು. ಶುಕ್ರವಾರ ಅಂಕಿ ದಡಕ್ಕನೆ ಒಂದಕ್ಕೆ ಕುಸಿಯಿತು.

ಶನಿವಾರ ಶೋಭಾ ತನ್ನ ಮೊಬೈಲ್ ಹಿಡಿದು ಬಂದಳು. ಸಂಪರ್ಕ ಅವಳ ಹೆಸರಿನಲ್ಲಿದೆ, ಮೆಸೇಜೂ ಅವಳಿಗೇ ಬರುತ್ತದೆ. ತಿಂಗಳ ವೇಗದ ಡೇಟಾ ಪೂರ್ತಿ ಮುಗಿದಿದೆಯಂತೆ.

“ಯಾರು ಮುಗಿಸಿದ್ದು?” ಎಂದೆ, ನಿಜವಾಗಿಯೂ ಗೊತ್ತಾಗದೆ.

“ನೀವೇ ರೀ! ಅಳೆಯಾಕೂ ಅದೇ ಡೇಟಾ ಖರ್ಚಾಗ್ತೈತಂತೆ, ಅಳೆಯೋ ಹೊತ್ತಿಗೆ ಇದ್ದ ವೇಗಾನೆಲ್ಲ ಅದೇ ಎಳ್ಕೊಳ್ತೈತಂತೆ. ಅಳೆದೂ ಅಳೆದೂ ಖಾಲಿ ಮಾಡೀರಿ.”

ಡಬ್ಬಿಯಲ್ಲಿ ಸಕ್ಕರೆ ಎಷ್ಟಿದೆಯೆಂದು ತಿಂದು ನೋಡಿದಂತಾಗಿತ್ತು ನನ್ನ ಕೆಲಸ. ಶೋಭಾ ಡೇಟಾ ಹಾಕಿಸಿದಳು. ಕಬ್ಬಿಣದ ಬೀರುವಿನ ಹಿಂದೆ, ಬಚ್ಚಲಿನ ಗೋಡೆಗೆ ಒರಗಿಸಿ ನಾನು ಭದ್ರವಾಗಿಟ್ಟಿದ್ದ ವೈಫೈ ಪೆಟ್ಟಿಗೆಯನ್ನು ತೆಗೆದು ಹೊಲಿಗೆ ಯಂತ್ರದ ಪಕ್ಕದಲ್ಲಿಟ್ಟಳು.

ಭಾನುವಾರ ಕ್ಲಾಸು ನೀರು ಹರಿದಂತೆ ನಡೆಯಿತು. “ಚೆಂದ ಕಾಣ್ತೈತೆ ಅಕ್ಕಾ” ಎನ್ನುವ ದನಿಗಳನ್ನು ಕೇಳಿ ನಡುಮನೆಯಲ್ಲಿ ಕೂತ ನನಗೆ ಹೆಮ್ಮೆಯೋ ಹೆಮ್ಮೆ. ಅಷ್ಟರಲ್ಲಿ ಕಿಟಕಿಯಲ್ಲಿ ರುದ್ರಪ್ಪನವರ ಮುಖ ಕಂಡಿತು. “ಇವತ್ತು ಎಷ್ಟೈತ್ರೀ?” ಇಷ್ಟು ಚೆನ್ನಾಗಿ ಓಡುತ್ತಿರುವಾಗ ಎಷ್ಟೆಂದು ತಿಳಿಯದಿದ್ದರೆ ಹೇಗೆ? ಒಂದೇ ಒಂದು ಸಲ ಒತ್ತಿದೆ. ಮುಳ್ಳು ಏರಿತು, ಏರಿತು, ತೊಂಬತ್ತು! ಚನ್ನಗಿರಿಯನ್ನೂ ಮೀರಿತು! ಕೂಗಿ ಹೇಳೋಣವೆಂದು ಬಾಯಿ ತೆರೆದೆ.

ಒಳಗಿನಿಂದ ಜಗಳೂರಿನ ದನಿ ಕೇಳಿಸಿತು: “ಅಕ್ಕಾ, ಮತ್ತೆ ನಿಂತ್ರಲ್ರೀ! ಕೊರಳ ಹತ್ರಾನೇ ನಿಂತ್ರಿ!”

ತೆರೆದ ಬಾಯಿ ತೆರೆದಂತೆಯೇ ನಾನೂ ನಿಂತುಬಿಟ್ಟೆ.