ಡಿಸೆಂಬರಿನಲ್ಲಿ ನಮ್ಮೂರನ್ನು ಅಳೆದವರಿಗೆ

ಈಡನ್ ವ್ಯೂ ಎಂಬ ಹೊಸ ಬಡಾವಣೆಯಿಂದ ನಮ್ಮ ಮಾವೆನಿಯ ನೀರು, ಶಾಲೆ, ಆಸ್ಪತ್ರೆಗಳ ಮೇಲಾಗುವ ಪರಿಣಾಮವನ್ನು ಖುದ್ದಾಗಿ ಪರಿಶೀಲಿಸಿ, ಯಾವ ಪರಿಣಾಮವೂ ಇಲ್ಲವೆಂದು ಕಂಡುಹಿಡಿದ ಶ್ರೀ ಎಝೆಕೀಲ್ ಒಮೊಂಡಿಯವರ ಸನ್ನಿಧಾನಕ್ಕೆ,

ಮಾನ್ಯರೇ,

ನಲ್ಲಿಯ ಸಾಲಿನಲ್ಲಿ ನಿಂತುಕೊಂಡೇ ತಮಗೆ ನಮಸ್ಕಾರಗಳನ್ನು ಸಲ್ಲಿಸುತ್ತಿದ್ದೇನೆ. ಸಾಲು ಉದ್ದವಾಗಿರುವುದರಿಂದ ಪತ್ರವೂ ಉದ್ದವಾದೀತು, ದೊಡ್ಡ ಮನಸ್ಸು ಮಾಡಿ ಓದಬೇಕು. ನನ್ನ ಗುರುತು ತಮಗೆ ಸಿಗದಿದ್ದರೆ ನೆನಪಿಸುತ್ತೇನೆ: ಸರ್ಕಾರಿ ದವಾಖಾನೆಯ ಎದುರು ಚಹಾ, ಚಪಾತಿ ಮಾರುವ ರೋಡಾ ನಾನೇ. ತಮ್ಮ ವರದಿಯಲ್ಲಿ 'ಸ್ಥಳೀಯ ಜನತೆ' ಎಂಬ ಘನವಾದ ಹೆಸರಿನಿಂದ ಕರೆಯಲ್ಪಟ್ಟಿರುವವಳೂ ನಾನೇ.

ತಾವು ನಮ್ಮಲ್ಲಿಗೆ ಚಿತ್ತೈಸಿದ್ದು ಕ್ರಿಸ್‌ಮಸ್ಸಿನ ಹಿಂದಿನ ದಿನ. ಮಾವೆನಿಯಲ್ಲಿ ಇರುವವರೆಲ್ಲ ಸಿಮೆಂಟ್ ಕಾರ್ಖಾನೆಗೋ ಹೂವಿನ ತೋಟಕ್ಕೋ ದುಡಿಯಲು ಬಂದವರು. ವರ್ಷವಿಡೀ ಇಲ್ಲಿ ಇರುತ್ತಾರೆ, ಡಿಸೆಂಬರ್ ಬಂತೆಂದರೆ ಬಾಗಿಲಿಗೆ ಬೀಗ ಜಡಿದು, ಬೀಗದ ಕೈಯನ್ನೂ ಕೋಳಿಗಳನ್ನೂ ನನಗೆ ಒಪ್ಪಿಸಿ, ತಂತಮ್ಮ ಹುಟ್ಟೂರಿನ ಬಸ್ಸು ಹತ್ತುತ್ತಾರೆ. ನಾನೂ ಹತ್ತುವವಳೇ, ಆದರೆ ನನ್ನ ಸೊಸೆ ಕಗೆಹಾ ಆಗ ಆರು ತಿಂಗಳ ಬಸುರಿ. ಆ ಕುಲುಕಾಟದ ಪ್ರಯಾಣ ಕೂಡದೆಂದು ದವಾಖಾನೆಯ ನರ್ಸ್ ಸಿಸ್ಟರ್ ಚೆಪ್ಟೂ ಕಟ್ಟಪ್ಪಣೆ ಮಾಡಿದ್ದರಿಂದ ಉಳಿದುಕೊಂಡೆ. ಹೀಗೆ ಇಡೀ ಮಾವೆನಿಯಲ್ಲಿ ತಮಗೆ ಸಿಕ್ಕಿದ್ದು ಇಬ್ಬರು ಹೆಂಗಸರು, ಒಬ್ಬ ನರ್ಸು ಮತ್ತು ಊರವರ ಕೋಳಿಗಳು. ಇಷ್ಟರಲ್ಲೇ ಅಧ್ಯಯನ ಮುಗಿಸಿದ ತಮ್ಮ ಕೈಚಳಕಕ್ಕೆ ನಾನು ಮರುಳಾಗಿದ್ದೇನೆ.

ಫೆಬ್ರುವರಿಯ ಊರ ಸಭೆಯಲ್ಲಿ ತಮ್ಮ ವರದಿಯನ್ನು ಓದಿದಾಗ ನಮಗೆ ನಮ್ಮೂರಿನ ಬಗ್ಗೆ ಗೊತ್ತೇ ಇರದಿದ್ದ ಸಂಗತಿಗಳು ತಿಳಿದುಬಂದವು. ನಲ್ಲಿಯ ಮುಂದೆ ಕಾಯುವವರೇ ಇಲ್ಲವಂತೆ. ರಸ್ತೆಯಲ್ಲಿ ಒಂದು ಸೈಕಲ್ ಬಿಟ್ಟರೆ ವಾಹನ ದಟ್ಟಣೆ ಇಲ್ಲವಂತೆ. ಶಾಲೆಯಲ್ಲಿ ಸಾಲು ಸಾಲು ಕೋಣೆಗಳಿದ್ದರೂ ಮಕ್ಕಳ ತೀವ್ರ ಅಭಾವವಿದ್ದು, ಅದನ್ನು ಈಡನ್ ವ್ಯೂ ಬಡಾವಣೆಯ ನಾನೂರು ಮನೆಗಳು ನೀಗಿಸಲಿವೆಯಂತೆ. ಒಂದನೇ ತರಗತಿಯ ಮಕ್ಕಳನ್ನು ಕಿಟಕಿಯ ಕಟ್ಟೆಯ ಮೇಲೂ ಕೂರಿಸುವ ನಮ್ಮ ಹೆಡ್‌ಮಾಸ್ತರರು ಇದನ್ನು ಕೇಳಿ ನಗಲು ಹೋಗಿ ಕೆಮ್ಮು ಹತ್ತಿಸಿಕೊಂಡರು, ನೀರು ಕೊಡೋಣವೆಂದರೆ ಅಂದು ನಲ್ಲಿ ಬಂದಿರಲಿಲ್ಲ.

'ನೀರಿಗೆ ತೊಂದರೆ ಇಲ್ಲವೆಂದು ಸ್ಥಳೀಯ ಜನತೆ ತಿಳಿಸಿದೆ' ಎಂದೂ ಬರೆದಿದ್ದೀರಿ. ಮಾನ್ಯರೇ, ಬಿಸಿ ಚಪಾತಿಯನ್ನು ತಮ್ಮ ತಟ್ಟೆಗೆ ಹಾಕುತ್ತಾ ನಾನು ಹೇಳಿದ್ದು ಇಷ್ಟು: “ಇವತ್ತೇನೂ ತೊಂದ್ರೆ ಇಲ್ಲ ಮಗಾ, ಎಲ್ರೂ ಊರಿಗೆ ಹೋಗವ್ರೆ. ಶಾಲೆ ಶುರುವಾದ್ಮೇಲೆ ಬಂದು ನೋಡು, ಗೊತ್ತಾಗ್ತದೆ.” ಇದರಲ್ಲಿ 'ತೊಂದರೆ ಇಲ್ಲ' ಎಂಬುದನ್ನು ಮಾತ್ರ ಆರಿಸಿಕೊಂಡು, ಮಿಕ್ಕಿದ್ದನ್ನು ತಟ್ಟೆಯ ಅಂಚಿಗೆ ತಳ್ಳಿದಿರಿ. ತಮ್ಮ ಅವಸರ ನನಗೆ ಅರ್ಥವಾಗುತ್ತದೆ. ತಮ್ಮ ಕಾಲ ಬಳಿ ಎರಡು ಚೀಲಗಳಿದ್ದವು, ಒಂದರಿಂದ ಹುಂಜದ ತಲೆ ಹೊರಗೆ ಇಣುಕುತ್ತಿತ್ತು, ತಮ್ಮ ಹುಟ್ಟೂರು ಸಿಯಾಯಾಕ್ಕೆ ಹೋಗುವ ಬಸ್ಸು ಎಷ್ಟು ಹೊತ್ತಿಗೆಂದು ತಾವು ಮತ್ತೆ ಮತ್ತೆ ಕೇಳುತ್ತಿದ್ದಿರಿ. ಹಬ್ಬಕ್ಕೆ ಊರಿಗೆ ಹೊರಟು ನಿಂತ ಮನುಷ್ಯ, ಈ ಊರಲ್ಲಿ ಯಾಕೆ ಜನರಿಲ್ಲ ಎಂದು ಒಂದು ಗಳಿಗೆಯಾದರೂ ಯೋಚಿಸದಿರಲು ಎಂಥ ಏಕಾಗ್ರತೆ ಬೇಕು!

ಇದನ್ನೆಲ್ಲ ನಾವು ನಕ್ಕು ಮರೆಯುತ್ತಿದ್ದೆವು. ಮರೆಯಲಾಗದ್ದು ದವಾಖಾನೆಯ ಬಗ್ಗೆ ತಾವು ಬರೆದ ಒಂದು ಸಾಲು: 'ನರ್ಸ್ ಮಧ್ಯಾಹ್ನ ಬಿಸಿಲಿನಲ್ಲಿ ಕುಳಿತು ಸ್ವೆಟರ್ ಹೆಣೆಯುತ್ತಿದ್ದುದು ಕಂಡುಬಂತು.' ಇದೊಂದು ಸಾಲಿನ ಬಲದಿಂದ, ನಮಗೆ ಬರಬೇಕಿದ್ದ ಎರಡನೆಯ ನರ್ಸನ್ನೂ ಹೆರಿಗೆ ಕೋಣೆಯ ಎರಡನೆಯ ಮಂಚವನ್ನೂ ಬೇರೆಡೆಗೆ ಕಳಿಸಲು ಮೇಲಿನವರು ತೀರ್ಮಾನಿಸಿದ್ದಾರೆ. ಆ ಸ್ವೆಟರ್ ನನ್ನ ಸೊಸೆಯ ಮಗುವಿಗಾಗಿ ಶುರುವಾಗಿದ್ದು. ಜನವರಿಯಲ್ಲಿ ಬಸ್ಸುಗಳು ಜನರನ್ನು ವಾಪಸು ತಂದು ಸುರಿದ ಮೇಲೆ ಸಿಸ್ಟರ್ ಆ ಕಡ್ಡಿಗಳನ್ನು ಮುಟ್ಟಿಲ್ಲ. ಊಟಕ್ಕೂ ಬಿಡುವಿಲ್ಲದೆ, ನನ್ನ ಚಪಾತಿಯನ್ನು ಸುರುಳಿ ಸುತ್ತಿಕೊಂಡು ನಡೆಯುತ್ತಲೇ ತಿನ್ನುತ್ತಾರೆ. ಕಗೆಹಾಳಿಗೆ ಈಗ ದಿನ ತುಂಬುತ್ತಿದೆ, ಕಾಲು ಊದಿದೆ. ನನಗೆ ಹೆದರಿಕೆಯಾಗಿದೆ, ಮಾನ್ಯರೇ. ಅದನ್ನು ಮುಚ್ಚಿಟ್ಟು ತಮಾಷೆ ಮಾಡುವಷ್ಟು ಜಾಣೆ ನಾನಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ವಿನಮ್ರ ಬೇಡಿಕೆಗಳಿವೆ. ತಮ್ಮ ವರದಿಯನ್ನು ತಿದ್ದುವುದು ತಮ್ಮ ಘನತೆಗೆ ಕುಂದೆನಿಸಿದರೆ, ಕ್ಯಾಲೆಂಡರನ್ನಾದರೂ ತಿದ್ದಿಸಿ ವರ್ಷಪೂರ್ತಿ ಡಿಸೆಂಬರ್ ಇರುವಂತೆ ಆಜ್ಞೆ ಹೊರಡಿಸಬೇಕು. ಅದೂ ಆಗದಿದ್ದರೆ, ಈಡನ್ ವ್ಯೂಗೆ ಬರುವ ನಾನೂರು ಕುಟುಂಬಗಳು ಮನೆ ಕೊಂಡ ಕೂಡಲೇ ಬೀಗ ಹಾಕಿ ಹುಟ್ಟೂರಿನಲ್ಲೇ ಇರತಕ್ಕದ್ದೆಂದು ಕರಾರು ಮಾಡಿಸಬೇಕು. ಬೀಗದ ಕೈಗಳನ್ನು ಇಟ್ಟುಕೊಳ್ಳಲು ನಾನು ಸಿದ್ಧಳಿದ್ದೇನೆ, ಅಭ್ಯಾಸವಾಗಿದೆ. ಇನ್ನು ಮಾವೆನಿಯ ಹೆಂಗಸರು ಕ್ರಿಸ್‌ಮಸ್ಸಿನ ಹಿಂದಿನ ದಿನ ಮಾತ್ರ, ಅದೂ ಒಬ್ಬರಾದ ಮೇಲೆ ಒಬ್ಬರು, ಹೆರುವಂತೆ ತಾವೇ ತಿಳಿಹೇಳಬೇಕು.

ಈ ಬೇಡಿಕೆಗಳನ್ನು ಬರೆದು ಮುಗಿಸುವಷ್ಟರಲ್ಲಿ ಹೋದ ಸೋಮವಾರದ ಸಂಗತಿಯನ್ನೂ ಹೇಳಬೇಕೆನಿಸಿತು. ದವಾಖಾನೆಯ ಸಾಲಿನಲ್ಲಿ ನನ್ನ ಸೊಸೆಯ ಹಿಂದೆ ಇನ್ನೊಬ್ಬ ತುಂಬು ಬಸುರಿ ನಿಂತಿದ್ದಳು. ಬಿಸಿಲಿಗೆ ಮುಖ ಕಂದಿತ್ತು, ನನ್ನ ಅಂಗಡಿಯ ಸ್ಟೂಲನ್ನು ಒಯ್ದು ಕೊಟ್ಟೆ. ಹೆಸರು ಅಕೇಯೊ, ಈಡನ್ ವ್ಯೂನಲ್ಲಿ ಒಪ್ಪಿಗೆಗೂ ಮೊದಲೇ ಕಟ್ಟಿ ನಿಲ್ಲಿಸಿದ್ದ ಸಾಲಿನಲ್ಲಿ ಮನೆ, ಬಂದು ತಿಂಗಳಾಯಿತಂತೆ. ಇಷ್ಟು ಜನವಿರುವ ಕಡೆ ಯಾಕೆ ಬಂದಿರೆಂದು ಕೇಳಿದ್ದಕ್ಕೆ ಆ ಹುಡುಗಿ ಹೇಳಿದಳು: “ಇಲ್ಲಿ ಜನಾನೇ ಇಲ್ಲ, ನರ್ಸು ಪುರುಸೊತ್ತಾಗಿ ಕೂತಿರ್ತಾರೆ ಅಂದ್ರು ಅಮ್ಮಾ ನಮ್ಮನೆಯವ್ರು. ಖುದ್ದಾಗಿ ಬಂದು ನೋಡ್ಕೊಂಡು ಹೋಗವ್ರಂತೆ.”

ಯಜಮಾನರ ಹೆಸರು ಕೇಳಿದೆ. ಹೇಳಿದಳು. ತಮ್ಮ ಬಗ್ಗೆ ನನಗಿದ್ದ ಒಂದು ಅನುಮಾನ ಅಂದೇ ಹೋಯಿತು, ಮಾನ್ಯರೇ: ತಾವು ಲಂಚ ತಿಂದು ಬರೆದವರಲ್ಲ. ಆ ವರದಿಯನ್ನು ನಂಬಿದ ಒಬ್ಬನೇ ಒಬ್ಬ ಮನುಷ್ಯ ಈ ದೇಶದಲ್ಲಿದ್ದರೆ ಅದು ತಾವೇ.

ಅಂದು ಇಬ್ಬರನ್ನೂ ಪರೀಕ್ಷಿಸಿದ ಸಿಸ್ಟರ್ ಚೆಪ್ಟೂ ಕೈ ತೊಳೆಯುತ್ತಾ ನನ್ನೊಬ್ಬಳಿಗೇ ಕೇಳುವಂತೆ ಹೇಳಿದರು: “ಇಬ್ರಿಗೂ ಒಂದೇ ವಾರ ಕಣಮ್ಮಾ. ಮಂಚ ಒಂದೇ ಇರೋದು, ನಾನೂ ಒಬ್ಳೇ. ಒಟ್ಟಿಗೇ ನೋವು ಬಂದ್ರೆ ಯಾರನ್ನ ನೆಲದ ಮೇಲೆ ಮಲಗಿಸ್ಲಿ, ನೀನೇ ಹೇಳು.” ಆ ಪ್ರಶ್ನೆಯನ್ನು ಹಾಗೆಯೇ ತಮ್ಮ ಪರಿಶೀಲನೆಗೆ ಕಳಿಸುತ್ತಿದ್ದೇನೆ. ತಮ್ಮ ವರದಿಗೆ ಆಕ್ಷೇಪಣೆ ಸಲ್ಲಿಸಲು ಈ ತಿಂಗಳ ಕೊನೆಯವರೆಗೆ ಅವಕಾಶವಿದೆಯಂತೆ. ತಾವೇ ಒಂದು ಆಕ್ಷೇಪಣೆ ಬರೆದರೆ ನಾವೆಲ್ಲ ಕೆಳಗೆ ಸಹಿ ಹಾಕುತ್ತೇವೆ.

ಇಂತು, ತಮ್ಮ ಅಧ್ಯಯನದ ಸಮಸ್ತ ಜನತೆಯೂ ಸದಾ ತಮ್ಮ ವಿಶ್ವಾಸಿಯೂ ಆದ,
ರೋಡಾ ಮುಸಿಂಬಿ

ಮರೆತ ಮಾತು: ಮಂಚದ ವಿಷಯವನ್ನು ನಾವು ಹೆಂಗಸರು ಕೂತು ಇತ್ಯರ್ಥ ಮಾಡಿಕೊಂಡಿದ್ದೇವೆ. ಯಾವ ಮಗು ಮೊದಲು ಹೊರಡುತ್ತದೋ ಅದರ ತಾಯಿಗೆ ಮಂಚ; ನೆಲದ ಮೇಲೆ ಹುಟ್ಟುವ ಮಗುವಿಗೆ ಸಮಾಧಾನಕ್ಕಾಗಿ ಆ ಸ್ವೆಟರ್. ತಮ್ಮ ಮಗುವಿಗೇ ಅದು ಬಂದರೆ ಬೇಸರಿಸಬಾರದು. ತಾವು ನೋಡಿ ಹೋದಾಗ ಎಷ್ಟಿತ್ತೋ ಅಷ್ಟೇ ಇದೆ, ಒಂದೇ ತೋಳು.