ಹನ್ನೊಂದು ಕುರ್ಚಿ ಮತ್ತು ಒಂದು ಡ್ರಮ್ ಸೆಟ್

ಮೊದಲೇ ಸ್ಪಷ್ಟಪಡಿಸಿಬಿಡುತ್ತೇನೆ. ಈ ಪ್ರಕರಣದಲ್ಲಿ ನನ್ನ ತಪ್ಪು ಎಳ್ಳಷ್ಟೂ ಇಲ್ಲ. ತಪ್ಪೆಲ್ಲ ಕುರ್ಚಿಗಳದ್ದು ಮತ್ತು ಅವುಗಳ ಮೇಲೆ ಕೂತವರದ್ದು!

ಸಾಲಿಗ್ರಾಮದ ನಮ್ಮ ಮನೆಯ ಅಟ್ಟದಲ್ಲಿ ಮೂವತ್ತೆರಡು ವರ್ಷಗಳಿಂದ ಒಂದು ಡ್ರಮ್ ಸೆಟ್ ಗೋಣಿಚೀಲ ಹೊದ್ದು ಮಲಗಿತ್ತು. ಅದರ ಮಾಲೀಕನೂ ನಾನೇ, ವಾದಕನೂ ನಾನೇ. ಒಂದಾನೊಂದು ಕಾಲದಲ್ಲಿ ‘ಬ್ಲ್ಯಾಕ್ ಕ್ರ್ಯಾಬ್ಸ್’ ಎಂಬ ರಾಕ್ ಬ್ಯಾಂಡು ನಮ್ಮದಾಗಿತ್ತು. ಊರವರು ‘ಏಡಿ ಸೆಟ್’ ಎನ್ನುತ್ತಿದ್ದರು. ಲೀಡ್ ಗಿಟಾರು ಮತ್ತು ಹಾಡುಗಾರಿಕೆ ಸುಧಾಕರ, ಕೀಬೋರ್ಡಿಗೆ ವಾಸು, ಬೇಸ್ ಗಿಟಾರಿಗೆ ವಾಸುವಿನ ತಮ್ಮ, ಎಲ್ಲರ ಹಿಂದೆ ಡ್ರಮ್ಮಿಗೆ ನಾನು. ಕ್ಯಾಸೆಟ್ ಕೇಳಿ ಇಂಗ್ಲಿಷ್ ಹಾಡು ಕಲಿಯುತ್ತಿದ್ದೆವು. ಅವುಗಳ ಅರ್ಥ ನಮಗೂ ಗೊತ್ತಿರಲಿಲ್ಲ, ಕೇಳುವವರಿಗೂ ಗೊತ್ತಿರಲಿಲ್ಲ. ಹೀಗಾಗಿ ಕಲಾವಿದರು ಮತ್ತು ಪ್ರೇಕ್ಷಕರ ನಡುವೆ ಯಾವ ಭಿನ್ನಾಭಿಪ್ರಾಯವೂ ಇರಲಿಲ್ಲ.

ಒಂದು ದಿನ ಸುಧಾಕರ, ಮಾವನ ಹೋಟೆಲಿನಲ್ಲಿ ಎರಡು ತಿಂಗಳು ಕೆಲಸವಿದೆ ಎಂದು ಮುಂಬಯಿಗೆ ಹೋದ. ಆ ಎರಡು ತಿಂಗಳು ಮೊನ್ನೆ ಮೊನ್ನೆಯವರೆಗೂ ಮುಗಿದಿರಲಿಲ್ಲ! ಬ್ಯಾಂಡು ಅಲ್ಲಿಗೇ ನಿಂತಿತು. ನಾನು ಪದವಿಪೂರ್ವ ಕಾಲೇಜಿನಲ್ಲಿ ಲ್ಯಾಬ್ ಸಹಾಯಕನಾಗಿ ಸೇರಿಕೊಂಡೆ. ಅಲ್ಲೂ ನನ್ನ ಜಾಗ ಹಿಂದೆಯೇ. ಉಪನ್ಯಾಸಕರು ಮುಂದೆ ನಿಂತು ಮಾತಾಡುವುದು, ನಾನು ಹಿಂದೆ ಟೆಸ್ಟ್ ಟ್ಯೂಬ್ ಹಿಡಿದು ನಿಲ್ಲುವುದು. ನಿವೃತ್ತಿಯ ದಿನ ಕೂಡ ನನ್ನ ಪರವಾಗಿ ಪ್ರಾಂಶುಪಾಲರೇ ಮಾತಾಡಿದರು.

ಮದುವೆಯಾದದ್ದು ಬ್ಯಾಂಡು ನಿಂತ ಮೇಲೆ. ಹೀಗಾಗಿ ನಾನು ಡ್ರಮ್ ಬಾರಿಸುವುದನ್ನು ಹೆಂಡತಿ ಸುಮತಿ ಒಮ್ಮೆಯೂ ನೋಡಿಲ್ಲ. ನೋಡದಿದ್ದರೆ ಹೋಗಲಿ, ನಂಬುವುದೂ ಇಲ್ಲ!

"ನೀವ್ ಡ್ರಮ್ ಹೊತ್ಕಂಡ್ ಹೋಪುಕೆ ಇದ್ರಿ ಅಂಬ್ರಲೆ? ನಿಮ್ ಅಕ್ಕನೇ ಹೇಳಿದ್ರ್" ಎನ್ನುತ್ತಾಳೆ.

ಸ್ವಂತ ಅಕ್ಕ! ಈ ಕಳಂಕವನ್ನು ಮೂವತ್ತು ವರ್ಷ ಹೊತ್ತುಕೊಂಡು ತಿರುಗಿದ್ದೇನೆ.

ಆದ್ದರಿಂದ ಸುಧಾಕರ ಫೋನು ಮಾಡಿ, "ಹ್ವಾಯ್, ಹತ್ತ್ ದಿನ ಊರಿಗ್ ಬತ್ತೆ. ಬ್ಯಾಂಡ್ ಮತ್ತೊಂದ್ಸಲ ಕಟ್ವನಾ?" ಎಂದು ಕೇಳಿದಾಗ ನಾನು ಕುಣಿದಾಡಿದೆ. ಬ್ರಹ್ಮಾವರ, ಕುಂದಾಪುರ, ಬೈಂದೂರು, ಹೀಗೆ ಮೂರು ಪ್ರದರ್ಶನ ಎಂದು ನಿಶ್ಚಯವಾಯಿತು. ನನ್ನದು ಒಂದೇ ಒಂದು ಷರತ್ತು. ಕೊನೆಯ ಹಾಡಿನಲ್ಲಿ ನಾಲ್ಕು ನಿಮಿಷ ನಾನೊಬ್ಬನೇ ಡ್ರಮ್ ಬಾರಿಸಬೇಕು, ಅದಕ್ಕೆ ಮುಂಚೆ ನನ್ನ ಹೆಸರನ್ನು ಮೈಕಿನಲ್ಲಿ ಹೇಳಬೇಕು. ಸುಮತಿ ಎದುರು ಸಾಲಿನಲ್ಲಿ ಕೂತಿರುತ್ತಾಳೆ.

"ನಾಲ್ಕ್ ಎಂತಕೆ, ಐದ್ ನಿಮಿಷ ಬಾರ್ಸ್ ಮಾರಾಯ! ಟೆನ್ಶನ್ ಮತ್ ಲೇ" ಎಂದ ಸುಧಾಕರ.

ಆಮಂತ್ರಣ ಪತ್ರಿಕೆಯ ಜವಾಬ್ದಾರಿ ನನ್ನದು. ನಮ್ಮ ಕಡೆಯ ಸಭೆಗಳನ್ನು ಬಲ್ಲವನಾದ ಕಾರಣ ಅಡಿಯಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದೆ: ‘ವಿಶೇಷ ಸೂಚನೆ: ಸಭಾ ಕಾರ್ಯಕ್ರಮ ಇರುವುದಿಲ್ಲ.’

ಸುಮತಿ ಅದನ್ನು ಓದಿ ಕನ್ನಡಕ ತೆಗೆದಳು. "ಸಭೆ ಇಲ್ದೇ ಕಾರ್ಯಕ್ರಮವಾ? ಯಾರ್ ಬತ್ರ್ ಮಾರಾಯ್ರೆ?"

"ರಾಕ್ ಕೇಂಬುಕೆ ಬತ್ರ್!" ಎಂದೆ.

ಬ್ರಹ್ಮಾವರದ ಸಭಾಭವನವನ್ನು ಅದರ ಸಮಿತಿಯವರು ಪುಕ್ಕಟೆಯಾಗಿ ಬಿಟ್ಟುಕೊಟ್ಟಿದ್ದರು. ಅಧ್ಯಕ್ಷರು ಹಿಂದಿನ ದಿನ ಸಂಕೋಚದಿಂದ ಕೇಳಿದರು, "ದೀಪ ಒಂದ್ ಹಚ್ಚುಕಾತ್ತಲೆ? ನಂಗೊಂದ್ ಕುರ್ಚಿ ಹಾಕಿದ್ರೆ ಸಾಕ್."

ಒಂದು ಕುರ್ಚಿ! ಅದಕ್ಕೇನು ಅಡ್ಡಿ? ಹಾಕಿದೆ. ಆದರೆ ವೇದಿಕೆಯಲ್ಲಿ ಒಬ್ಬರೇ ಕೂತರೆ ಸಂದರ್ಶನಕ್ಕೆ ಬಂದವರ ಹಾಗೆ ಕಾಣುತ್ತದಂತೆ. ಪಕ್ಕಕ್ಕೆ ಕಾರ್ಯದರ್ಶಿಗಳು ಬಂದರು. ಕಾರ್ಯದರ್ಶಿಗಳು ಕೂತಾಗ ಮಾಜಿ ಅಧ್ಯಕ್ಷರು ಕೆಳಗೆ ಕೂರುವುದು ಹೇಗೆ? ಮಾಜಿ ಅಧ್ಯಕ್ಷರು ಬಂದರೆ ಊಟದ ಪ್ರಾಯೋಜಕರು ಏನು ಪಾಪ ಮಾಡಿದ್ದಾರೆ? ನಾಲ್ಕು ಕುರ್ಚಿಗಳಾದವು. ಡ್ರಮ್ ಸೆಟ್ಟನ್ನು ಎರಡಡಿ ಹಿಂದೆ ಸರಿಸಿದೆವು. ನಾಲ್ವರೂ ‘ಎರಡೇ ಮಾತು’ ಎಂದು ಶುರುಮಾಡಿ ಒಂದೂವರೆ ಗಂಟೆ ಮುಗಿಸಿದರು.

ಆ ಮೇಲೆ ಮೂರು ಹಾಡು. ಮೂರನೆಯದರ ಕೊನೆಯಲ್ಲಿ ಸುಧಾಕರ ಕೈಯೆತ್ತಿದ. ಗಿಟಾರು ನಿಂತಿತು. ನಾನು ಕೋಲುಗಳನ್ನು ಮೇಲಕ್ಕೆತ್ತಿದೆ. ಸುಧಾಕರ ಮೈಕಿಗೆ ಬಾಯಿ ಕೊಟ್ಟು, "ಈಗ, ಡ್ರಮ್ಮಿನಲ್ಲಿ..." ಎಂದ.

ಬಾಗಿಲಲ್ಲಿ ಯಾರೋ ಕೂಗಿದರು, "ಎಲೆ ಹಾಕಿ ಆಯ್ತ್!"

ಇಡೀ ಸಭಾಭವನ ಎದ್ದು ನಿಂತಿತು. ಗೌರವದಿಂದ ಎಂದು ಅರೆಕ್ಷಣ ಭಾವಿಸಿದೆ. ಅಷ್ಟರಲ್ಲಿ ಖಾಲಿ! ಹೋದವರಲ್ಲಿ ನಮ್ಮ ಕೀಬೋರ್ಡಿನ ವಾಸುವೂ ಇದ್ದ. ಮೊದಲ ಪಂಕ್ತಿಯಲ್ಲೇ ಜಾಗ ಸಿಕ್ಕಿತೆಂದು ಆಮೇಲೆ ಹೆಮ್ಮೆಯಿಂದ ಹೇಳಿದ. ಸುಮತಿ ಅಂದು ಬಂದಿರಲಿಲ್ಲ ಎನ್ನುವುದೊಂದೇ ಸಮಾಧಾನ.

ಕುಂದಾಪುರದಲ್ಲಿ ಸುಮತಿ ಬಂದಳು. ಊಟ ಇಟ್ಟುಕೊಳ್ಳಲೇಬಾರದೆಂದು ನಾನು ಕಟ್ಟುನಿಟ್ಟು ಮಾಡಿದ್ದೆ. ಅಲ್ಲಿ ಬೇರೆಯೇ ಗಂಡಾಂತರ ಕಾದಿತ್ತು. ಮೂವತ್ತೆರಡು ವರ್ಷಗಳ ನಂತರ ಮರಳಿದ ಕಲಾವಿದ ಸುಧಾಕರನಿಗೆ ಊರ ಪರವಾಗಿ ಸನ್ಮಾನ ಬೇಡವೇ ಎಂದರು ಅಲ್ಲಿನವರು. ಬೇಡ ಎಂದೆ. ನಾನು ಹೊಟ್ಟೆಕಿಚ್ಚಿನವ ಎಂದು ಸುದ್ದಿಯಾಯಿತು. ಆಗಲಿ ಎಂದೆ. ಕುರ್ಚಿಗಳು ಏಳಾದವು.

ನಿರೂಪಣೆಗೆ ಒಬ್ಬ ಮಹಾಶಯ ಬಂದಿದ್ದ. ಪ್ರತಿಯೊಬ್ಬರ ಹೆಸರಿಗೆ ಮುಂಚೆ ಒಂದು ಸ್ವರಚಿತ ಚುಟುಕ, ಹೆಸರಿನ ನಂತರ ಇನ್ನೊಂದು. ನೀರಿನ ಬಾಟಲಿ ಕೊಡಲು ಬಂದವನಿಗೂ ಒಂದು ಚುಟುಕ! ಸುಧಾಕರನಿಗೆ ಶಾಲು ಹೊದಿಸಿದರು, ಪೇಟ ತೊಡಿಸಿದರು, ಹಾರ ಹಾಕಿದರು, ತೊಡೆಯ ಮೇಲೆ ಅನಾನಸು ಸಹಿತ ಹಣ್ಣಿನ ಬುಟ್ಟಿ ಇಟ್ಟರು. ಸನ್ಮಾನಪತ್ರ ಓದಿ ಮುಗಿಯುವಾಗ ಅವನು ಅಳುತ್ತಿದ್ದ. ಸಂತೋಷಕ್ಕೋ ಬುಟ್ಟಿಯ ಭಾರಕ್ಕೋ ಗೊತ್ತಿಲ್ಲ. ‘ಅನಿಸಿಕೆ’ ಹೇಳಲು ನಿಂತವ ಮುಂಬಯಿಯಲ್ಲಿ ತಾನು ಮೊದಲ ದಿನ ಕತ್ತರಿಸಿದ ಈರುಳ್ಳಿಯಿಂದ ಶುರುಮಾಡಿದ.

ಡ್ರಮ್ ಸೆಟ್ಟು? ಏಳು ಕುರ್ಚಿ, ಒಂದು ಸನ್ಮಾನದ ಸಿಂಹಾಸನ ಹಿಡಿಸುವ ಭರದಲ್ಲಿ ಅದನ್ನು ಹಿಂದಿನ ಫ್ಲೆಕ್ಸ್ ಪರದೆಯ ಆಚೆಗೆ ತಳ್ಳಿದ್ದರು. ಜತೆಗೆ ನನ್ನನ್ನೂ! ಸಮಯ ಉಳಿದದ್ದು ಒಂದು ಹಾಡಿಗೆ. ನಾನು ಪರದೆಯ ಹಿಂದೆ ಬೆವರಿಳಿಸಿ ಬಾರಿಸಿದೆ.

"ಕಂಡ್ಯಾ?" ಎಂದು ಮನೆಗೆ ಬಂದು ಕೇಳಿದೆ.

"ಪರದೆ ಅಲುಗಾಡುದ್ ಕಂಡೆ. ಗಾಳಿ ಅಂದ್ಕಂಡೆ."

ಗಾಳಿ! ನನ್ನ ಜನ್ಮದಲ್ಲೇ ಅಷ್ಟು ಸಿಟ್ಟು ಬಂದಿರಲಿಲ್ಲ. ಊಟಕ್ಕಿಂತ ಉಪ್ಪಿನಕಾಯಿಯೇ ಹೆಚ್ಚಾದರೆ ಯಾರು ಸಹಿಸುತ್ತಾರೆ? ಉಳಿದದ್ದು ಬೈಂದೂರು ಒಂದೇ. ಅದರ ಮರುದಿನ ಬೆಳಿಗ್ಗೆ ಸುಧಾಕರನ ರೈಲು. ಈ ಜನ್ಮದ ಕೊನೆಯ ನಾಲ್ಕು ನಿಮಿಷ ಎನ್ನುವುದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ರಾತ್ರಿಯೆಲ್ಲ ಯೋಚಿಸಿ ರೋಗದ ಮೂಲ ಕಂಡುಹಿಡಿದೆ. ಮೈಕು ಪರರ ಕೈಗೆ ಹೋಗುವುದೇ ರೋಗ. ಮೈಕು ನನ್ನ ಕೈಯಲ್ಲಿದ್ದರೆ? ಬೈಂದೂರಿನಲ್ಲಿ ನಿರೂಪಣೆ ನನ್ನದೇ ಎಂದು ಘೋಷಿಸಿದೆ. ಒಬ್ಬೊಬ್ಬರಿಗೆ ಎರಡೇ ನಿಮಿಷ. ಮೀರಿದರೆ ಗಂಟೆ. ಲ್ಯಾಬಿನಿಂದ ನಿವೃತ್ತಿಯ ನೆನಪಿಗೆಂದು ತಂದಿದ್ದ ಹಿತ್ತಾಳೆ ಗಂಟೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿದೆ.

"ನೀವಾ ಮಾತಾಡುದ್?" ಎಂದಳು ಸುಮತಿ.

"ಮಾತಾಡುದಲ್ಲ, ಮಾತ್ ನಿಲ್ಸುದ್!" ಎಂದೆ.

ಬೈಂದೂರಿನ ಮೈದಾನ ನಮಗೆ ಸಿಕ್ಕಿದ್ದು ಮೂರರಿಂದ ಐದರವರೆಗೆ. ಐದಕ್ಕೆ ಅಲ್ಲಿ ವಾಲಿಬಾಲ್ ಪಂದ್ಯಾಟದ ನೆಟ್ ಕಟ್ಟುವುದಿತ್ತು. ಚಪ್ಪರದವರು, ಜನರೇಟರಿನವರು, ಮೈದಾನದವರು, ವಾಲಿಬಾಲಿನವರು ಎಂದು ಕುರ್ಚಿಗಳು ಹನ್ನೊಂದಾದವು. ಡ್ರಮ್ ಸೆಟ್ಟು ವೇದಿಕೆಯಿಂದಲೇ ಕೆಳಗಿಳಿದು ಕಬ್ಬಿನ ಹಾಲಿನ ಮಿಷನ್ನಿನ ಪಕ್ಕ ಕೂತಿತು. ಅದರ ಹತ್ತಿರ ನಿಂತಿದ್ದ ನನ್ನಲ್ಲಿ ಇಬ್ಬರು ಒಂದೊಂದು ಗ್ಲಾಸು ಕೇಳಿದರು. ಆದರೂ ಎದೆಗುಂದಲಿಲ್ಲ. ಕೆಳಗಾದರೇನು, ಸುಮತಿಯ ಕುರ್ಚಿಗೆ ನೇರ ಎದುರು! ಅವಳು ಶಿರೂರಿನ ತಂಗಿಗೆ ವಿಡಿಯೊ ಕಳಿಸಲೆಂದು ಮೊಬೈಲು ಹಿಡಿದು ಸಿದ್ಧವಾಗಿ ಕೂತಿದ್ದಳು.

ಸರಿಯಾಗಿ ಮೂರಕ್ಕೆ ವೇದಿಕೆ ಹತ್ತಿ ಮೈಕು ಹಿಡಿದೆ. ಸ್ವಾಗತಿಸಿದೆ. ಗಣ್ಯರನ್ನು ಪರಿಚಯಿಸಿದೆ. ಬ್ಯಾಂಡಿನ ಬಗ್ಗೆ ಎರಡು ಮಾತು ಹೇಳಿದೆ. ನಂತರ ಗಂಟೆಯೊಂದಿಗೆ ಕಾವಲು ನಿಂತೆ. ಚಪ್ಪರದ ಮಾಲೀಕರು "ಅನಾದಿ ಕಾಲದಿಂದಲೂ" ಎಂದು ಶುರುಮಾಡಿದರು. ಅನಾದಿಯಿಂದ ಅವರು ಈಚೆಗೆ ಬರುವ ಮುಂಚೆಯೇ ಗಂಟೆ ಬಾರಿಸಿದೆ! ಜನರೇಟರಿನವರು ಗಂಟೆಗೂ ಜಗ್ಗದೆ ನಿಂತಾಗ ಅವರ ಕಿವಿಯ ಬಳಿಯೇ ಬಾರಿಸಿದೆ. ಅವರು ಸಿಟ್ಟಾಗಿ ಕೂತರು. ಹನ್ನೊಂದೂ ಮಂದಿ ಎರಡೆರಡು ನಿಮಿಷಕ್ಕೆ ಮುಗಿಸಿದರು. ಕರಾವಳಿಯ ಸಭೆಗಳ ಇತಿಹಾಸದಲ್ಲೇ ಇಂಥದ್ದು ನಡೆದಿಲ್ಲ. ಪ್ರತಿಯೊಬ್ಬರಿಗೂ ನಡುವೆ ಸೂಕ್ತ ಶಬ್ದಗಳಲ್ಲಿ ಕೃತಜ್ಞತೆ ಸಲ್ಲಿಸಿದೆ. ವಿಜಯೋತ್ಸಾಹದಿಂದ ಸುಧಾಕರನ ಕಡೆ ತಿರುಗಿ, "ಹಾಂ, ಶುರುಮಾಡ್!" ಎಂದೆ.

ಅವನು ಗಿಟಾರಿನ ಪಟ್ಟಿ ಹೆಗಲಿಗೇರಿಸಿದ. ನಾನು ಓಡಿ ಇಳಿದು ಡ್ರಮ್ಮಿನ ಮುಂದೆ ಕೂತೆ. ಕೋಲೆತ್ತಿದೆ. ನನಗೂ ಸುಮತಿಗೂ ನಡುವೆ ಇಬ್ಬರು ಯುವಕರು ಕಂಬ ನೆಡುತ್ತಿದ್ದರು!

"ಹ್ವಾಯ್, ಎಂತ ಮಾಡುದ್ ನೀವ್?" ಎಂದು ಅಬ್ಬರಿಸಿದೆ.

"ಗಂಟಿ ಐದಾಯ್ತಲೆ ಮಾಷ್ಟ್ರೆ. ನೆಟ್ ಕಟ್ಕ್."

ಜನರೇಟರು ನಿಂತಿತು. ಅದರ ಮಾಲೀಕರು ಸ್ವಹಸ್ತದಿಂದಲೇ ಆರಿಸಿದರು ಎಂದು ಆಮೇಲೆ ತಿಳಿಯಿತು. ಒಂದೇ ಒಂದು ಹಾಡಿಲ್ಲ! ಮೂವತ್ತೆರಡು ವರ್ಷಗಳ ನಂತರ ಮರಳಿದ ಗಿಟಾರು ಬೈಂದೂರಿನಲ್ಲಿ ಒಂದು ‘ಟಿಂಯ್’ ಕೂಡ ಎನ್ನಲಿಲ್ಲ.

ವಾಸುವಿನ ಓಮ್ನಿಯಲ್ಲಿ ವಾಪಸು ಹೊರಟೆವು. ಡ್ರಮ್ಮುಗಳು ಹಿಂದೆ, ಅವುಗಳ ನಡುವೆ ನಾನು. ಉಪ್ಪುಂದದವರೆಗೆ ಹನ್ನೊಂದು ಮಂದಿಯನ್ನು ಹೆಸರು ಹಿಡಿದು ಬೈದೆ. ಅಲ್ಲಿಂದ ಮುಂದೆ ಅವರ ಕುರ್ಚಿಗಳನ್ನು ಬೈದೆ. ಮೈಕ್ ಕಂಡರೆ ಸಾಕು, ಹಲಸಿನ ಹಣ್ಣಿಗೆ ನೊಣ ಮುತ್ತಿದ ಹಾಗೆ ಮುತ್ತುತ್ತಾರೆ, ಕಲೆ ಎಂದರೇನು ಗೊತ್ತಿಲ್ಲ, ಪರರ ಸಮಯದ ಬೆಲೆ ಗೊತ್ತಿಲ್ಲ, ಎರಡು ಗಂಟೆ ನುಂಗಿ ನೀರು ಕುಡಿದರು ಎಂದೆ. ಮರವಂತೆ ಬಂತು. ಎಡಕ್ಕೆ ಹೊಳೆ, ಬಲಕ್ಕೆ ಸಮುದ್ರ. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದೆ.

ಸುಮತಿ ಮೊಬೈಲು ನೋಡುತ್ತಾ ನಿಧಾನವಾಗಿ ಹೇಳಿದಳು, "ನಾನ್ ಪೂರ್ತಿ ರೆಕಾರ್ಡ್ ಮಾಡಿದೆ. ಅವ್ರ್ ಹನ್ನೊಂದ್ ಜನ ಸೇರಿ ಮಾತಾಡಿದ್ದ್ ಇಪ್ಪತ್ತೆರಡೇ ನಿಮಿಷ."

"ಮತ್ತೆ? ಉಳ್ದದ್ದ್ ಯಾರ್ ತಿಂದ್ರ್?"

"ನೀವೇ."

ನಾನು ನಂಬಲಿಲ್ಲ. ಅವಳು ಮೊಬೈಲು ಎತ್ತಿ ಹಿಡಿದಳು. ನನ್ನದೇ ಧ್ವನಿ. ಸ್ವಾಗತಕ್ಕೆ ಹದಿನಾರು ನಿಮಿಷ. ಬ್ಯಾಂಡಿನ ಬಗ್ಗೆ ಎರಡು ಮಾತಿಗೆ ನಲವತ್ತೊಂದು ನಿಮಿಷ. ಉಳಿದದ್ದು ಸೂಕ್ತ ಶಬ್ದಗಳ ಕೃತಜ್ಞತೆ.

"ನಿಂಗೆ ಗಂಟೆ ಬಾರ್ಸುಕೆ ಯಾರೂ ಇರ್ಲಿಲ್ಲೆ ಮಾರಾಯ" ಎಂದ ಸುಧಾಕರ, ಮುಂದಿನ ಸೀಟಿನಿಂದ, ತಿರುಗಿ ನೋಡದೆ. "ನಾನ್ ಎರಡ್ ಸಲ ಶರ್ಟ್ ಎಳ್ದೆ. ನೀ ನನ್ ಕೈ ತಳ್ದೆ."

ಹೆದ್ದಾರಿಯ ಹೊಂಡಗಳಿಗೆ ನನ್ನ ಬೆನ್ನ ಹಿಂದಿನ ತಾಳ ಝಲ್ ಝಲ್ ಎನ್ನುತ್ತಿತ್ತು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂದು ಹಿರಿಯರು ಹೇಳಿದ್ದು ಪರರ ಬಗ್ಗೆ ಎಂದೇ ಇಷ್ಟು ವರ್ಷ ತಿಳಿದಿದ್ದೆ. ನಿಜ ಹೇಳಬೇಕೆಂದರೆ, ಆ ಮೈಕು ಕೈಯಲ್ಲಿದ್ದಷ್ಟು ಹೊತ್ತು ನನಗೆ ಬಹಳ ಖುಷಿಯಾಗಿತ್ತು. ಅರವತ್ತೊಂದು ವರ್ಷದಲ್ಲಿ ಮೊದಲ ಸಲ ಜನ ನನ್ನ ಮುಖ ನೋಡುತ್ತಿದ್ದರು.

ಮರುದಿನ ಬೆಳಿಗ್ಗೆ ಸುಧಾಕರ ರೈಲು ಹತ್ತಿದ. ಸ್ಟೇಷನ್ನಿನಿಂದ ಬಂದವನೇ ಡ್ರಮ್ ಸೆಟ್ಟನ್ನು ಅಂಗಳದಲ್ಲಿ ಜೋಡಿಸಿದೆ. ಗಿಟಾರು ಬೇಡ, ಸಭೆ ಬೇಡ, ಬೈಂದೂರೂ ಬೇಡ. ನಾಲ್ಕು ನಿಮಿಷ, ಒಬ್ಬಳೇ ಪ್ರೇಕ್ಷಕಿ!

ಸುಮತಿ ಸೆರಗಿಗೆ ಕೈ ಒರೆಸಿಕೊಂಡು ಬಂದು ಜಗಲಿಯಲ್ಲಿ ಕೂತಳು. "ಆತ್ತ್, ಬಾರ್ಸಿ ಕಾಂಬ" ಎಂದಳು. ಅವಳ ಮುಖದಲ್ಲಿ ನಿಜವಾದ ಕುತೂಹಲವಿತ್ತು. ಮೂವತ್ತು ವರ್ಷಗಳಲ್ಲಿ ಅಂಥದ್ದನ್ನು ನಾನು ಕಂಡಿರಲಿಲ್ಲ. ಇಷ್ಟು ದೊಡ್ಡ ಸಂಗತಿಯನ್ನು ಸುಮ್ಮನೆ ಶುರುಮಾಡುವುದು ಹೇಗೆ? ಎದ್ದು ನಿಂತೆ. ಈ ಸೋಲೊ ಯಾವ ಸಂದರ್ಭದಲ್ಲಿ ಹುಟ್ಟಿತು, ಎಡಗೈಗೂ ಬಲಗಾಲಿಗೂ ಇದರಲ್ಲಿ ಇರುವ ಸಂಬಂಧವೇನು ಎಂದು ಗೊತ್ತಿಲ್ಲದಿದ್ದರೆ ಅವಳಿಗೆ ಏನು ರುಚಿಸೀತು? ಆದ್ದರಿಂದ ಮೊದಲು ಎರಡು ಮಾತು ಹೇಳತೊಡಗಿದೆ.

ಗೇಟಿನ ಬಳಿ ಮೀನಿನ ರಿಕ್ಷಾದ ಹಾರ್ನು ಕೇಳಿಸಿತು. "ಹ್ವಾಯ್, ಬಂಗ್ಡಿ ಇತ್ತ್!"

ಸುಮತಿ ಒಂದು ಗಳಿಗೆ ನನ್ನನ್ನು ನೋಡಿದಳು, ಒಂದು ಗಳಿಗೆ ಗೇಟನ್ನು ನೋಡಿದಳು, ನಂತರ ಪಾತ್ರೆ ತೆಗೆದುಕೊಂಡು ಹೋದಳು.

ನಾನಿನ್ನೂ ಪೀಠಿಕೆಯ ಎರಡನೇ ಭಾಗದಲ್ಲಿದ್ದೆ.