ಹುಳದ ಮನೆಯ ಪಥ್ಯ

ಕಪ್ಪು ಹಲಗೆಯ ಮೇಲೆ ಹೃದಯದ ಚಿತ್ರ ಬರೆಯುವುದರಲ್ಲಿ ನಮ್ಮ ಹೋಬಳಿಯಲ್ಲಿ ನನಗೆ ಸಮಾನರಿಲ್ಲ ಎಂಬ ಸಣ್ಣ ಜಂಬ ನನಗಿದೆ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ನಾನು. ಎಣ್ಣೆ, ಉಪ್ಪು ಹೆಚ್ಚಾದರೆ ರಕ್ತನಾಳದ ಗತಿ ಏನು ಎಂದು ಮಕ್ಕಳಿಗೆ ಮನ ಮುಟ್ಟುವಂತೆ ಹೇಳಿ, ಗಂಟೆ ಹೊಡೆದ ಕೂಡಲೇ ಶಿಡ್ಲಘಟ್ಟದ ಬಸ್ ನಿಲ್ದಾಣದ ಪಕ್ಕದ ಗಾಡಿಯ ಮುಂದೆ ನಿಂತು ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದೆ. ಪಾಠ ಇರುವುದು ಮಕ್ಕಳಿಗೆ, ಮೇಷ್ಟ್ರಿಗಲ್ಲ ಎಂದು ಬಹುಕಾಲ ನಂಬಿಕೊಂಡಿದ್ದೆ.

ಮೆಟ್ಟಿಲು ಹತ್ತುವಾಗ ಏದುಸಿರು ಬರತೊಡಗಿದ ಮೇಲೆ ಹೆಂಡತಿ ಸರೋಜ ನನ್ನನ್ನು ಚಿಕ್ಕಬಳ್ಳಾಪುರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ರಿಪೋರ್ಟು ನೋಡಿ, "ಬಿ.ಪಿ. ಜಾಸ್ತಿ, ಕೊಲೆಸ್ಟ್ರಾಲೂ ಜಾಸ್ತಿ, ಸಕ್ಕರೆ ಬಾಗಿಲಲ್ಲಿ ನಿಂತಿದೆ. ಮಾತ್ರೆ ಕೊಡ್ತೀನಿ. ಆದ್ರೆ ನಿಮ್ಮ ಊಟ ಬದಲಾಗ್ದೆ ಮಾತ್ರೆ ಒಂದೇ ಏನ್ ಮಾಡುತ್ತೆ?" ಎಂದರು. ನಮ್ಮಪ್ಪ ಐವತ್ತೆಂಟಕ್ಕೆ ಎದೆ ಹಿಡಿದುಕೊಂಡು ತೋಟದ ಬದುವಿನ ಮೇಲೆ ಕುಸಿದವರು, ಮತ್ತೆ ಏಳಲಿಲ್ಲ. ನಾನು ಆ ವಯಸ್ಸಿನ ಹೊಸ್ತಿಲಲ್ಲಿದ್ದೇನೆ. ವಾಪಸು ಬರುವಾಗ ಬಸ್ಸಿನಲ್ಲಿ ಸರೋಜ ಒಂದು ಮಾತೂ ಆಡಲಿಲ್ಲ. ಅವಳು ಸುಮ್ಮನಿದ್ದರೆ ನನಗೆ ಬಿ.ಪಿ. ಇನ್ನಷ್ಟು ಏರುತ್ತದೆ.

ಮರುವಾರವೇ ಅವಳು, "ಖಾಲಿ ಬಿದ್ದಿರೋ ಶೆಡ್ಡಲ್ಲಿ ಮತ್ತೆ ರೇಷ್ಮೆ ಹುಳ ಸಾಕಣ ಕಣ್ರೀ" ಎಂದಳು. ನಾನು ಒಪ್ಪಿದೆ. ಹುಳ ಬಂದ ದಿನವೇ ಅಡುಗೆಮನೆಯ ಬಾಣಲಿ ಅಟ್ಟ ಸೇರಿತು. "ಕರಿದ ಎಣ್ಣೆ ಘಾಟು ಹುಳಕ್ಕೆ ಆಗಲ್ಲ" ಎಂದಳು. ಇದನ್ನು ಪ್ರಶ್ನಿಸುವ ಮಾತೇ ಇರಲಿಲ್ಲ. ನಾನು ಚಿಕ್ಕವನಿದ್ದಾಗ ನಮ್ಮಜ್ಜಿ ನಡುಮನೆಯಲ್ಲೇ ಹುಳ ಸಾಕುತ್ತಿದ್ದಳು. ಹುಳ ಇದ್ದಷ್ಟು ದಿನ ಮನೆಯಲ್ಲಿ ಒಗ್ಗರಣೆ ಸಿಡಿಯುವಂತಿರಲಿಲ್ಲ, ತಾತ ಬೀಡಿ ಹಚ್ಚಲು ಬೀದಿಯ ಕೊನೆಗೆ ಹೋಗುತ್ತಿದ್ದರು. ಆ ಭಯಭಕ್ತಿ ನನ್ನ ರಕ್ತದಲ್ಲೇ ಇತ್ತು, ಕೊಲೆಸ್ಟ್ರಾಲಿನ ಜೊತೆಗೆ.

ಹುಳದ ಕಾನೂನುಗಳು ದಿನೇ ದಿನೇ ಬೆಳೆದವು. ಉಪ್ಪಿನಕಾಯಿ ಮುಟ್ಟಿದ ಕೈಯಲ್ಲಿ ಸೊಪ್ಪು ಹಾಕಬಾರದು, ಆದ್ದರಿಂದ ಉಪ್ಪಿನಕಾಯಿ ಬೇಡ. ಅಂಗಡಿ ಬಜ್ಜಿಯ ವಾಸನೆ ಅಂಗಿಗೆ ಹತ್ತುತ್ತದೆ, ಆದ್ದರಿಂದ ಗಾಡಿಯ ಹತ್ತಿರ ನಿಲ್ಲಬೇಡಿ. ಬೆಳಿಗ್ಗೆ, ಸಂಜೆ ಹಿಪ್ಪುನೇರಳೆ ಸೊಪ್ಪಿನ ಬುಟ್ಟಿ ಹೊತ್ತು ತೋಟದ ಆ ತುದಿಯ ಶೆಡ್ಡಿಗೆ ಹೋಗುವವನು ನಾನೇ. ಹುಳಕ್ಕೆ ಹೊತ್ತಿಗೆ ಸರಿಯಾಗಿ ಹಾಕಬೇಕಲ್ಲ, ಹಾಗೆ ನಮಗೂ ಹೊತ್ತಿಗೆ ಸರಿಯಾಗಿ ಮುದ್ದೆ, ಉಪ್ಪು ಕಡಿಮೆ ಹಾಕಿದ ಮಸ್ಸೊಪ್ಪು, ಕಾಳಿನ ಸಾರು, ಮಧ್ಯೆ ಒಂದು ಹಿಡಿ ಕಡಲೆಕಾಯಿ. ಹುಳ ಪೊರೆ ಬಿಡಲು ಸುಮ್ಮನೆ ಮಲಗುವುದನ್ನು ನಮ್ಮಲ್ಲಿ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಅವು ಜ್ವರಕ್ಕೆ ಕೂತರೂ ನನಗೆ ರಜೆ ಇರಲಿಲ್ಲ. ಒಂದು ಬೆಳೆಯ ಗೂಡು ಮಾರುಕಟ್ಟೆಗೆ ಹೋಯಿತಲ್ಲ, ಇನ್ನಾದರೂ ಬಾಣಲಿ ಇಳಿಸು ಎಂದರೆ, "ಶೆಡ್ ತೊಳೆದು ಔಷಧಿ ಹೊಡ್ಸಿದೀನಿ, ಈಗಂತೂ ಘಾಟು ಸೋಕ್ಲೇಬಾರ್ದು" ಎಂದಳು.

ಕೆಲವು ತಿಂಗಳ ಮೇಲೆ ಮತ್ತೆ ರಕ್ತ ಕೊಟ್ಟೆವು. ಡಾಕ್ಟರು ಕನ್ನಡಕ ಸರಿಮಾಡಿಕೊಂಡು, "ಎಲ್ಲಾ ಇಳಿದಿದೆಯಲ್ಲ, ಏನ್ ಮಾಡಿದ್ರಿ ಮೇಷ್ಟ್ರೇ?" ಎಂದರು. "ಹುಳ ಸಾಕ್ತಿದ್ದೀವಿ ಸಾರ್" ಎಂದೆ. ಅವರು ಸರೋಜಳ ಮುಖ ನೋಡಿದರು. ಅವಳು ಕಿಟಕಿಯ ಕಡೆ ನೋಡುತ್ತಿದ್ದಳು.

ಅದೇ ಸಂಜೆ ಬುಟ್ಟಿ ಹೊತ್ತು ಹೋಗುವಾಗ ಪಕ್ಕದ ತೋಟದ ಮುನಿಶಾಮಣ್ಣ ತನ್ನ ಶೆಡ್ಡಿನ ಜಗಲಿಯ ಮೇಲೆ ಕೂತು ಬಿಸಿ ಬಿಸಿ ಬಜ್ಜಿ ತಿನ್ನುತ್ತಿದ್ದ. ಒಲೆ ಅಲ್ಲೇ ಪಕ್ಕದಲ್ಲಿ. "ಒಳಗೆ ಹುಳ ಇದಾವಲ್ಲಪ್ಪ, ಘಾಟಾಗಲ್ವಾ?" ಎಂದೆ.

"ಅದು ನಡುಮನೇಲಿ ಸಾಕ್ತಿದ್ದ ಕಾಲದ ಮಾತು ಮೇಷ್ಟ್ರೇ. ಇಲ್ಲಿ ಗಾಳಿ ಆ ಕಡೆ ಹೋಗುತ್ತೆ. ನಿಮ್ಮ ಶೆಡ್ಡಂತೂ ಮನೆಯಿಂದ ಅಷ್ಟು ದೂರ, ನಿಮ್ಮನೇಲಿ ದಿನಾ ಬೋಂಡ ಕರಿದ್ರೂ ಹುಳಕ್ಕೇನು?" ಎಂದು ಒಂದು ಬಜ್ಜಿ ಮುಂದೆ ಹಿಡಿದ.

ಬಜ್ಜಿ ತೆಗೆದುಕೊಳ್ಳದೆ ಮನೆಗೆ ಬಂದು ಸರೋಜಳ ಮುಂದೆ ನಿಂತೆ. "ಇಲ್ಲಿ ಕರಿದ್ರೆ ಹುಳಕ್ಕೆ ಏನೂ ಆಗಲ್ವಂತಲ್ಲ?"

ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಹುಳಕ್ಕೇನೂ ಆಗಲ್ಲ, ಆಗೋದು ನಿಮಗೆ. ನಾನ್ ಹೇಳಿದ್ರೆ ಕೇಳ್ತಿದ್ರಾ? ಮಾವನೋರ ವಯಸ್ಸು ನೀವು ದಾಟೋವರ್ಗೂ ನಾನು ಹುಳ ಬಿಡಲ್ಲ."

ನನ್ನೊಬ್ಬನ ಎದೆ ಬಡಿತಕ್ಕಾಗಿ ಇವಳು ಶೆಡ್ಡಿನ ತುಂಬ ಹುಳಗಳ ಚಾಕರಿ ಮಾಡಿದ್ದಳು. ಅಪ್ಪನಿಗೆ ಇಂಥದೊಂದು ಸುಳ್ಳು ಹೇಳುವವರು ಇರಲಿಲ್ಲ. ನನಗಿದ್ದಾರೆ. ಈ ಋಣವನ್ನು ಯಾವ ಜನ್ಮದಲ್ಲಿ ತೀರಿಸಲಿ ಎನ್ನಿಸಿ ಕಣ್ಣು ಮಂಜಾಯಿತು. ಮುಖ ತಿರುಗಿಸಿ ಮತ್ತೊಂದು ಬುಟ್ಟಿ ಎತ್ತಿಕೊಂಡೆ.

ಈಗ ಮದುವೆ, ನಾಮಕರಣಕ್ಕೆ ಹೋದಾಗ ಯಾರಾದರೂ ಎಲೆಗೆ ಬೋಂಡ ಬಡಿಸಲು ಬಂದರೆ ಕೈ ಅಡ್ಡ ಹಿಡಿದು, "ಬೇಡಪ್ಪ, ಮನೇಲಿ ಹುಳ ಇದೆ, ಅದಕ್ಕೆ ಘಾಟು ಆಗಿಬರಲ್ಲ" ಎನ್ನುತ್ತೇನೆ. ವಿಜ್ಞಾನದ ಮೇಷ್ಟ್ರ ಮಾತಲ್ಲವೇ, ಎಲ್ಲರೂ ನಂಬುತ್ತಾರೆ.